ಬಾಣಂತಿಯ ಮುಂದೆ ತೆಗೆಯಬಾರದ ಸುದ್ದಿ

ದೊಡ್ಡವ್ವನ ನಾಲಿಗೆ ಕೆಳಗಿನ ಹಲ್ಲಿನ ಸಾಲು ದಾಟಿ ಹೊರಗೆ ಬಂದದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ತುದಿಯ ನಡುವೆ ಒಂದು ತಗ್ಗಿತ್ತು, ವೀಳ್ಯದೆಲೆಯಲ್ಲಿ ತೊಟ್ಟು ಕೂಡುವ ಕಡೆ ಇರುತ್ತದಲ್ಲ, ಹಾಗೆ. ನಾಲಿಗೆಯ ಅಡಿಯ ಬಿಳಿ ಪೊರೆಯೊಂದು ಅದನ್ನು ಕೆಳಕ್ಕೆ ಜಗ್ಗಿ ಹಿಡಿದಿತ್ತು. ತುಟಿಗೆ ಬೆಲ್ಲ ಹತ್ತಿದರೆ ನಾವೆಲ್ಲ ನಾಲಿಗೆಯಿಂದ ಸವರಿಕೊಳ್ಳುತ್ತಿದ್ದೆವು; ಅವಳು ತೋರುಬೆರಳಿನಿಂದ ಬಳಿದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಆ ಬೆರಳು ಸದಾ ಹಸಿರಾಗಿರುತ್ತಿತ್ತು. ಸವಣೂರಿನ ಎಲೆಯ ತೋಟಗಳಿಂದ ಬಂದ ವೀಳ್ಯದೆಲೆಯನ್ನು ಹರಿದದ್ದು, ಹುಳ ತಿಂದದ್ದು, ನೆಟ್ಟಗಿದ್ದದ್ದು ಎಂದು ಬೇರೆ ಮಾಡಿ ಕಟ್ಟು ಕಟ್ಟುವುದು ಅವಳ ಕೆಲಸ.

ಅವಳು ನಮ್ಮವ್ವನ ಅಕ್ಕ. ನನಗೆ ಬುದ್ಧಿ ತಿಳಿದಾಗಿನಿಂದ ನಮ್ಮ ಮನೆಯಲ್ಲೇ ಇದ್ದಳು. ಅವಳಿಗೂ ಒಂದು ಗಂಡನ ಮನೆ ಇತ್ತಂತೆ, ಅಲ್ಲಿ ಬಾಳುವೆ ಹೊಂದಲಿಲ್ಲವಂತೆ ಎನ್ನುವಷ್ಟು ಮಾತ್ರ ನನಗೂ ನನ್ನ ತಂಗಿಗೂ ಗೊತ್ತಿತ್ತು. ಅವಳ ಮಾತು ಹೊರಗಿನವರಿಗೆ ತಿಳಿಯುತ್ತಿರಲಿಲ್ಲ. 'ರೊಟ್ಟಿ' ಅವಳ ಬಾಯಲ್ಲಿ 'ಯೊಟ್ಟಿ' ಆಗುತ್ತಿತ್ತು. ಓಣಿಯ ಹುಡುಗರು ಅಣಕಿಸುತ್ತಿದ್ದರು. ಹಾಗಾಗಿ ಕಿರಾಣಿ ಅಂಗಡಿಯಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ ಅವಳು ಬಾಯಿ ತೆರೆಯುತ್ತಲೇ ಇರಲಿಲ್ಲ, ಕೈಸನ್ನೆಯಲ್ಲೇ ಮುಗಿಸುತ್ತಿದ್ದಳು. ಮನೆಯೊಳಗೆ ಮಾತ್ರ ಅವಳದೇ ರಾಜ್ಯ. ಬೆಳಗಿನಿಂದ ಸಂಜೆವರೆಗೆ ಬೈಗುಳವೋ ಮುದ್ದೋ ತಿಳಿಯದಂತೆ ಮಾತಾಡುತ್ತಿದ್ದಳು. ಅವಳ ಮಾತನ್ನು ನಾನಿಲ್ಲಿ ನೆಟ್ಟಗೆ ಮಾಡಿ ಬರೆಯುತ್ತಿದ್ದೇನೆ. ಓದುವವರಿಗೆ ಸುಲಭವಾಗಲಿ ಎಂದು ಹೀಗೆ ಮಾಡಿದೆ, ಅವಳಿಗೆ ಇದರಿಂದ ಸ್ವಲ್ಪ ಅನ್ಯಾಯವೇ ಆಯಿತು.

ಅವಳಿಗೆ ರಕ್ತ ಕಂಡರೆ ಆಗುತ್ತಿರಲಿಲ್ಲ. ಆಟದಲ್ಲಿ ಬಿದ್ದು ಮೊಣಕಾಲು ತರಚಿಕೊಂಡು ಬಂದರೆ ಅರಿಶಿನ ಒತ್ತಿ ಹಿಡಿದು, "ನಿಂತಿತೇನ? ನೋಡು, ನಿಂತಿತೇನ?" ಎಂದು ಕೇಳುತ್ತ ಕೂರುತ್ತಿದ್ದಳು. ಗಾಯ ಒಣಗಿ ಹಕ್ಕಳೆ ಕಟ್ಟಿದ ಮೇಲೂ ಕೇಳುತ್ತಿದ್ದಳು. ನಾವಿಬ್ಬರೂ ಅಕ್ಕತಂಗಿಯರು ನಗುತ್ತಿದ್ದೆವು. ನಾನೇನು ದೊಡ್ಡ ಧೈರ್ಯಸ್ಥಳಲ್ಲ, ಹಲ್ಲಿ ಲೊಚಗುಟ್ಟಿದರೂ ಎದ್ದು ಕೂರುವವಳು. ಆದರೂ ಮನೆಯಲ್ಲಿ ನನಗಿಂತ ಪುಕ್ಕಲು ಒಬ್ಬಳಿದ್ದಾಳೆ ಎಂಬುದು ನನಗೆ ಸಮಾಧಾನದ ವಿಷಯವಾಗಿತ್ತು.

ನನ್ನನ್ನು ಹಿರೇಕೆರೂರಿಗೆ ಕೊಟ್ಟರು. ಗಂಡ ಅಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದಾರೆ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬ ರೂಢಿಯಂತೆ ಸವಣೂರಿಗೆ ಬಂದೆ. ಗಂಡುಮಗು ಹುಟ್ಟಿತು. ಆಸ್ಪತ್ರೆಯಿಂದ ಮನೆಗೆ ಬಂದ ಕೂಡಲೇ ನನ್ನ ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಹೊರಸಿನ ಕೆಳಗೆ ಕೆಂಡ, ಬಾಯಿಗೆ ಅಂಟಿನುಂಡಿ. ಬಾಣಂತಿಯ ಕೋಣೆಗೆ ನಮ್ಮಲ್ಲಿ ಕಟ್ಟುಪಾಡುಗಳು ಬಹಳ. ಹೊರಗಿನಿಂದ ಬಂದವರು ಕಾಲು ತೊಳೆಯದೆ ಒಳಗೆ ಬರಬಾರದು. ಮುಸ್ಸಂಜೆ ಬಾಗಿಲು ತೆರೆದಿಡಬಾರದು. ಎಲ್ಲಕ್ಕಿಂತ ಮುಖ್ಯವಾದದ್ದು, ಬಾಣಂತಿಯ ಮುಂದೆ ತೀರಿಹೋದ ಕೂಸಿನ ಸುದ್ದಿ ತೆಗೆಯಬಾರದು. ತೆಗೆದರೆ ಆ ಹೋದ ಕೂಸು ಈ ಕೂಸನ್ನು ಕರೆಯುತ್ತದಂತೆ. ಬಸುರಿಯ ಮುಂದೆಯೂ ತೆಗೆಯಬಾರದು, ಮದುಮಗಳ ಮುಂದೆಯೂ ತೆಗೆಯಬಾರದು. ಓಣಿಯ ಹೆಂಗಸೊಬ್ಬಳು ಯಾವುದೋ ಊರಿನ ಯಾವುದೋ ಮಗುವಿನ ಮಾತೆತ್ತಿದ್ದಕ್ಕೆ ಅವ್ವ ಅವಳನ್ನು ರಟ್ಟೆ ಹಿಡಿದು ಹೊರಗೆ ಕಳಿಸಿದ್ದಳು.

ಮಗು ಹಾಲು ಕುಡಿಯುತ್ತಿರಲಿಲ್ಲ. ಅಂದರೆ ಬಾಯಿ ಹಾಕುತ್ತಿತ್ತು, ಚಟ್ ಚಟ್ ಎಂದು ಸಪ್ಪಳ ಮಾಡುತ್ತಿತ್ತು, ಜಾರಿ ಬಿಡುತ್ತಿತ್ತು, ಚೀರುತ್ತಿತ್ತು. ಮತ್ತೆ ಹಚ್ಚಿದರೆ ಮತ್ತೆ ಅದೇ. ನನ್ನ ಮೊಲೆತೊಟ್ಟು ಸೀಳಿ, ಮಗು ಬಾಯಿ ಹಾಕಿದಾಗೊಮ್ಮೆ ಕಣ್ಣಲ್ಲಿ ನೀರು ಬರುತ್ತಿತ್ತು. "ಎದಿಹಾಲು ಸಾಲಂಗಿಲ್ಲ" ಎಂದರು ಕೆಲವರು. "ದೃಷ್ಟಿ ಆಗೈತಿ" ಎಂದರು ಕೆಲವರು. ಅವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮಗುವಿನ ತೊಡೆಯ ಚರ್ಮ ಸಡಿಲಾಗುತ್ತ ಬಂತು. ಅಳುವ ದನಿಯೂ ಸಣ್ಣದಾಯಿತು. ನನಗೆ ಹಗಲಿನಲ್ಲೇ ಭಯವಾಗುತ್ತಿತ್ತು. ಅದು ಮಲಗಿದ್ದರೆ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತಿದ್ದೆ. ಎದ್ದರೆ ಇನ್ನೇನು ಹಾಲಿಗೆ ಹಚ್ಚಬೇಕಲ್ಲ ಎಂದು ಹೆದರುತ್ತಿದ್ದೆ.

ತೂಕ ನೋಡಲು ಬಂದ ನರ್ಸಮ್ಮ ಮಗು ಅಳುವಾಗ ಕಿರುಬೆರಳಿನಿಂದ ನಾಲಿಗೆ ಎತ್ತಿ ನೋಡಿದರು. "ನಾಲಿಗಿ ಅಂಟೈತಿ ನೋಡ್ರಿ. ತುದಿತನಕ ಹಿಡಕೊಂಡೈತಿ. ಅದಕ್ಕ ಜಗ್ಗಾಕ ಬರವಲ್ದು. ಶಿಗ್ಗಾವ್ಯಾಗ ಮಕ್ಕಳ ಡಾಕ್ಟರಿಗೆ ತೋರಸ್ರಿ. ಕತ್ತರಿಲೆ ಒಂದ ಸಣ್ಣ ಕಟ್ ಕೊಡ್ತಾರ, ಆಗಿಂದಾಗ ಕುಡೀತಾವು ಕೂಸುಗಳು" ಎಂದರು.

ನನಗೆ ಜೀವ ಬಂದಂತಾಯಿತು. ದೊಡ್ಡವ್ವನತ್ತ ನೋಡಿದೆ, ಅವಳು ಅಲ್ಲಿರಲಿಲ್ಲ. ಎದ್ದು ಹೋಗಿ ನೋಡಿದರೆ ಹಿತ್ತಲಿನಲ್ಲಿ ನೀರೊಲೆಯ ಮುಂದೆ ಕುಳಿತಿದ್ದಳು. ಉರಿ ಆರಿಹೋಗಿತ್ತು.

"ಕತ್ತರಿ ಬ್ಯಾಡ" ಎಂದಳು. "ನಾ ಒಳಲೆಲೆ ಹಾಲು ಹಾಕ್ತೇನಿ. ಹನಿ ಹನಿ ಹಾಕ್ತೇನಿ. ಕತ್ತರಿ ಮಾತ್ರ ಬ್ಯಾಡ."

"ಹಂಗಾದ್ರ ನಿನ್ನಂಗ ಆಗ್ಲೇನ ನನ್ನ ಮಗ?" ಎಂದುಬಿಟ್ಟೆ.

ಅವಳು ಸಿಟ್ಟಾಗಲಿಲ್ಲ. "ಆಗ್ಲಿ. ಜೀವಂತ ಅದೀನಲ್ಲ ನಾ" ಎಂದಳು.

ಆ ಮಾತಿನ ಅರ್ಥ ನನಗೆ ಆಗ ತಿಳಿಯಲಿಲ್ಲ, ವಯಸ್ಸಾದವರ ಹಟ ಎಂದುಕೊಂಡೆ. ಆದರೆ ಅಂದಿನಿಂದ ಅವ್ವನೂ ಅವಳೂ ಅಡುಗೆಮನೆಯಲ್ಲಿ ಪಿಸುಗುಡುವುದು, ನಾನು ಕೆಮ್ಮಿದರೆ ಸುಮ್ಮನಾಗುವುದು ಶುರುವಾಯಿತು. ಕಾಲು ಚಾಚಿ ಮೊಣಕಾಲ ಮೇಲೆ ಮಗುವನ್ನು ಮಲಗಿಸಿಕೊಂಡು ಎರೆಯುವವಳು ದೊಡ್ಡವ್ವನೇ. ಎರೆಯುವಾಗ ಅವಳು ಮಗುವಿನ ಒಂದು ತೊಡೆಯನ್ನೇ ಮತ್ತೆ ಮತ್ತೆ ತಿರುಗಿಸಿ ನೋಡುತ್ತಿದ್ದಳು. ಹುಟ್ಟಿದಾಗ ಸೂಜಿ ಚುಚ್ಚಿದ ಜಾಗ ಅದು, ನೀಲಿಗಟ್ಟಿ ಗಂಟಾಗಿತ್ತು. "ಸೂಜಿ ಚುಚ್ಚಿದ್ರ ಎಲ್ಲಾ ಕೂಸಿಗೂ ಆಗತೈತಿ" ಎಂದಳು ಅವ್ವ. ದೊಡ್ಡವ್ವ ಆ ತೊಡೆಯ ಮೇಲೆ ಮಾತ್ರ ನೀರನ್ನು ಮೆಲ್ಲಗೆ ಬಿಟ್ಟಳು.

ಶಿಗ್ಗಾವಿಗೆ ಹೊರಟ ದಿನ ದೊಡ್ಡವ್ವ ಬಾಡಿಗೆ ಕಾರಿನಲ್ಲಿ ಕರೆಯದೆಯೇ ಬಂದು ಕುಳಿತಳು. ಗಂಡ ಹಿರೇಕೆರೂರಿನಿಂದ ನೇರ ಅಲ್ಲಿಗೇ ಬರುವವರಿದ್ದರು, ಬಸ್ಸು ತಡವಾಗಿತ್ತು. ಒಳಗೆ ಹೋದವರು ನಾನು, ಅವ್ವ, ದೊಡ್ಡವ್ವ.

ಡಾಕ್ಟರು ಸಾವಧಾನದ ಮನುಷ್ಯ. ಮೊದಲು ನನಗೆ ಹಾಲು ಕುಡಿಸಿ ತೋರಿಸಲು ಹೇಳಿದರು, ಮಗುವನ್ನು ಹಿಡಿಯುವ ರೀತಿ ಬದಲಿಸಿ ನೋಡಿದರು. ಆಮೇಲೆ ಎರಡು ಬೆರಳಿನಿಂದ ನಾಲಿಗೆ ಎತ್ತಿದರು. "ನಾಲಿಗಿ ಅಂಟಿದ್ದ ಕೂಸಿಗೆಲ್ಲಾ ನಾವು ಕತ್ತರಿ ಹಚ್ಚಂಗಿಲ್ರಿ. ಎಷ್ಟೋ ಕೂಸು ಹಂಗ ಛಲೋ ಕುಡೀತಾವು. ಆದ್ರ ಇದು ತುದಿಗೇ ಹಿಡಕೊಂಡೈತಿ, ತೂಕಾನೂ ಇಳಿದೈತಿ. ಸಣ್ಣ ಪೊರಿ, ಒಂದ ಕ್ಷಣದ ಕೆಲಸ. ಒಂದ ಹನಿ ರಕ್ತ ಬರತೈತಿ, ನಿಂತಬಿಡತೈತಿ" ಎಂದರು. ನಂತರ ಕೇಳಿದರು: "ನಿಮ್ಮ ಮನಿತನದಾಗ ಯಾರಿಗರ ಗಾಯ ಆದ್ರ ರಕ್ತ ನಿಲ್ಲೂದಿಲ್ಲ ಅಂತ ಇತ್ತೇನ್ರಿ? ಸಣ್ಣ ಮಕ್ಕಳು ಯಾರರ ರಕ್ತ ಹೋಗಿ ತೀರಿಕೊಂಡಿದ್ರೇನು?"

"ಇಲ್ರಿ" ಎಂದೆ. ನನಗೆ ಗೊತ್ತಿದ್ದದ್ದು ಅಷ್ಟೇ.

ಡಾಕ್ಟರು ಅವ್ವನತ್ತ ನೋಡಿದರು. ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ನೆಲ ನೋಡಿಕೊಂಡು, "ಹಂತಾದ್ದೇನಿಲ್ರಿ, ದೇವರು ಛಲೋ ಇಟ್ಟಾನ್ರಿ" ಎಂದಳು.

ನರ್ಸ್ ಮಗುವಿನ ಕೈಕಾಲನ್ನು ಬಿಳಿ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಮೇಜಿನ ಮೇಲೆ ಮಲಗಿಸಿದಳು. ಡಾಕ್ಟರು ಕೈಗವಸು ತೊಟ್ಟರು. ಟ್ರೇಯಲ್ಲಿ ಕತ್ತರಿ ಇತ್ತು. ನಾನು ಕಣ್ಣು ಮುಚ್ಚಿಕೊಂಡೆ.

ಕಣ್ಣು ತೆರೆದಾಗ ದೊಡ್ಡವ್ವ ಮೇಜಿನ ಹತ್ತಿರ ಇದ್ದಳು. ಅವಳ ಹಸಿರು ಬೆರಳುಗಳು ಮಗುವಿನ ಬಾಯಿಗೆ ಅಡ್ಡವಾಗಿದ್ದವು.

"ಐತ್ರಿ" ಎಂದಳು. "ನಮ್ಮ ಮನ್ಯಾಗ ಐತ್ರಿ."

ನರ್ಸಿಗೆ ತಿಳಿಯಲಿಲ್ಲ. "ಏನಂತಾಳ ಅಜ್ಜಿ? ಕೈ ತಗೀರಿ" ಎಂದಳು. ದೊಡ್ಡವ್ವ ಕೈ ತೆಗೆಯಲಿಲ್ಲ. ಹೊರಗಿನವರ ಮುಂದೆ ಎಂದೂ ಮಾತಾಡದವಳು ಮತ್ತೊಮ್ಮೆ, ಒಂದೊಂದೇ ಅಕ್ಷರ ಬಿಡಿಸಿ, ಕುತ್ತಿಗೆಯ ನರ ಉಬ್ಬಿಸಿ, ಅದನ್ನೇ ಹೇಳಿದಳು.

"ಅಕ್ಕಾ, ಬ್ಯಾಡ" ಎಂದು ಅವ್ವ ಅವಳ ರಟ್ಟೆ ಹಿಡಿದಳು. "ಬಾಣಂತಿ ಕುಂತಾಳ."

"ಕುಂದರ್ಲಿ. ಕೇಳ್ಲಿ."

ಡಾಕ್ಟರು ಕೈಗವಸು ಬಿಚ್ಚಿ ಅವಳಿಗೆ ಕುರ್ಚಿ ಕೊಡಿಸಿದರು. ಅವಳು ಕೂರಲಿಲ್ಲ. ನಿಂತೇ ಹೇಳಿದಳು. ತಿಳಿಯದ ಮಾತನ್ನು ನಾನು ಬಿಡಿಸಿ ಹೇಳುತ್ತ ಹೋದೆ. ಎಂಥ ಪಾಲು ನನ್ನದು! ಆ ಕಥೆಯನ್ನು ಆಗಲೇ ಮೊದಲ ಸಲ ಕೇಳುತ್ತ, ನನ್ನ ಬಾಯಿಂದಲೇ ಡಾಕ್ಟರಿಗೆ ದಾಟಿಸಬೇಕಾಯಿತು.

"ನನಕಿಂತ ಮೊದಲ ನಮ್ಮವ್ವಗ ಒಂದ ಗಂಡು ಹುಟ್ಟಿತ್ತರಿ. ನಾಲಿಗಿ ಹಿಂಗ ಇತ್ತಂತ. ದುಂಡಸಿ ಊರಾಗ ಒಬ್ಬಾಕಿ ಮುದುಕಿ ಕೂಸುಗಳ ನಾಲಿಗಿ ಉಗುರ್ಲೆ ಹರೀತಿದ್ಲು. ಎಲ್ಲಾರೂ ಆಕಿ ಕಡೇನ ಒಯ್ತಿದ್ರು. ಎಷ್ಟೋ ಕೂಸಿಗೆ ಹರದಿದ್ಲು, ಏನೂ ಆಗಿದ್ದಿಲ್ಲ. ಇದಕ್ಕ ಮುಂಜಾನೆ ಹರದ್ಲು. ರಕ್ತ ನಿಲ್ಲಲೇ ಇಲ್ರಿ. ಕೂಸು ರಕ್ತಾನ ನುಂಗಾಕತ್ತಿತ್ತಂತ. ಸಂಜಿಮುಂದ ಹತ್ತಿಹಂಗ ಬೆಳ್ಳಗ ಆಗಿ ಹೋತು. ಆಮ್ಯಾಲೆ ನಾ ಹುಟ್ಟಿದೆ. ನನ್ನ ನಾಲಿಗೀನೂ ಹಿಂಗ. ನಮ್ಮವ್ವ ಯಾರ ಉಗುರೂ ತಾಗಗೊಡಲಿಲ್ಲ."

ಹೇಳಿ ಬಾಯಿ ತೆರೆದು ನಾಲಿಗೆ ಎತ್ತಲು ನೋಡಿದಳು. ಅದು ಏಳಲಿಲ್ಲ. ಡಾಕ್ಟರು ಟಾರ್ಚ್ ಹಿಡಿದು ನೋಡಿದರು. ಜೀವಮಾನವಿಡೀ ಸೆರಗಿನ ಮರೆಯಲ್ಲಿಟ್ಟುಕೊಂಡದ್ದನ್ನು ಅವಳು ಹೀಗೆ ಅಪರಿಚಿತರ ಬೆಳಕಿಗೆ ಹಿಡಿದಿದ್ದಳು.

"ಅದೊಂದ ಕೂಸೇನ್ರಿ? ಮತ್ತ ಯಾರರ?" ಎಂದು ಡಾಕ್ಟರು ಮೆಲ್ಲಗೆ ಕೇಳಿದರು.

ಅವ್ವ ಅಳತೊಡಗಿದಳು. ದೊಡ್ಡವ್ವ ಅಳಲಿಲ್ಲ.

"ನನ್ನ ಮಗ ರಿ" ಎಂದಳು.

ಈ ಮಾತನ್ನು ನಾನು ಡಾಕ್ಟರಿಗೆ ದಾಟಿಸಲಿಲ್ಲ. ಅವರಿಗೇ ತಿಳಿದಿತ್ತು. ನನಗೇ ತಿಳಿಯಲು ಹೊತ್ತು ಹಿಡಿಯಿತು. ದೊಡ್ಡವ್ವನಿಗೆ ಮಗ? ಒಂದೇ ಸೂರಿನ ಕೆಳಗೆ ಬೆಳೆದೆ, ಅವಳ ಮಗ್ಗುಲಲ್ಲೇ ಮಲಗಿದೆ, ಆ ಹೊಟ್ಟೆಯ ಮೇಲೆ ಕಾಲು ಹಾಕಿ ನಿದ್ದೆ ಹೋದೆ. ಅಲ್ಲೊಂದು ಮಗು ಇತ್ತೆಂದು ನನಗೆ ಯಾರೂ ಹೇಳಿರಲಿಲ್ಲ.

"ನಡಿಯಾಕ ಕಲ್ತಿದ್ದ. ಹೊಸ್ತಿಲಕ್ಕ ಎಡವಿ ಬಿದ್ದ. ತುಟಿ ಒಳಗ ಒಂದಿಷ್ಟ ಹರದಿತ್ತು. ಅರಿಶಿಣ ಒತ್ತಿ ಹಿಡದೆ. ನಿಂತಿತು ಅನ್ನೂದರಾಗ ಮತ್ತ ಬರೂದು. ಮತ್ತ ಒತ್ತಿ ಹಿಡಿಯೂದು. ದವಾಖಾನಿಗೆ ಒಯ್ಯೂದರಾಗ ತಡಾ ಆತ್ರಿ. ನನ್ನ ಗಂಡನ ಮನಿಯವರು, ಈಕಿ ಬಾಯಿನ ಸರಿ ಇಲ್ಲ, ಈಕಿ ಹಡೆದಿದ್ದು ಹ್ಯಾಂಗ ಉಳೀತೈತಿ ಅಂದ್ರು. ನಾ ತಂಗಿ ಮನಿಗೆ ಬಂದೆ." ಆಮೇಲೆ ಅವಳೇ ಬಟ್ಟೆ ಸಡಿಲಿಸಿ ನನ್ನ ಮಗನ ತೊಡೆಯ ನೀಲಿ ಗಂಟನ್ನು ತೋರಿಸಿದಳು. "ಅವಂಗೂ ಹಿಂಗ ನೀಲಿ ಗಂಟು ಬರ್ತಿದ್ವು ರಿ."

ಡಾಕ್ಟರು ಆ ಗಂಟನ್ನು ಮುಟ್ಟಿ ನೋಡಿ ಟ್ರೇಯನ್ನು ಹಿಂದಕ್ಕೆ ಕಳಿಸಿದರು. "ಇವತ್ತ ಹುಬ್ಬಳ್ಳಿ ದೊಡ್ಡಾಸ್ಪತ್ರೆಗೆ ಹೋಗ್ರಿ. ರಕ್ತ ತಪಾಸಣೆ ಆಗೂ ತನಕ ಈ ಕೂಸಿಗೆ ಯಾರೂ ಕತ್ತರಿ ಹಚ್ಚಬಾರದು" ಎಂದರು. ದೊಡ್ಡವ್ವನ ಕಡೆ ತಿರುಗಿ, "ಅವ್ವಾರ, ನೀವು ಹೇಳಿದ್ದು ಭಾಳ ಛಲೋ ಆತ್ರಿ" ಎಂದರು. ಅವಳು ಆಗಲೇ ಸೆರಗನ್ನು ಬಾಯಿಗೆ ಎಳೆದುಕೊಂಡಿದ್ದಳು.

ಅಷ್ಟರಲ್ಲಿ ಗಂಡ ಬಂದರು. ಅವರೂ ಕೂಡಿಯೇ ಹುಬ್ಬಳ್ಳಿಯ ದಾರಿ ಹಿಡಿದೆವು. ಕಾರು ಕುಲುಕಿದಾಗಲೆಲ್ಲ ಮಗುವಿನ ಮೈಯೊಳಗೆ ಎಲ್ಲೋ ಏನೋ ಒಡೆದಂತೆ ನನಗೆ ಅನ್ನಿಸುತ್ತಿತ್ತು. ಎದೆಗೆ ಒತ್ತಿ ಹಿಡಿದರೆ ನೀಲಿಗಟ್ಟೀತು, ಸಡಿಲ ಹಿಡಿದರೆ ಜಾರೀತು. ಅವ್ವ ಬಿಕ್ಕುತ್ತಲೇ ಇದ್ದಳು. "ನೀ ಮದುಮಗಳಾಗಿದ್ದಿ, ಹ್ಯಾಂಗ ಹೇಳ್ಲಿ? ಆಮ್ಯಾಲೆ ಬಸುರಿ ಆದಿ, ಹ್ಯಾಂಗ ಹೇಳ್ಲಿ? ಆಮ್ಯಾಲೆ ಬಾಣಂತಿ. ಹೇಳೂ ಹೊತ್ತರ ಯಾವಾಗಿತ್ತು?" ಎಂದಳು. ನನಗೆ ಅವಳ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವಳು ನನ್ನ ಮಗನನ್ನು ಕಾಯುತ್ತಿದ್ದೇನೆಂದೇ ಸುಳ್ಳು ಹೇಳಿದ್ದಳು. ನನ್ನೊಳಗೆ ಹೆದರಿಕೆ ತುಂಬಿತ್ತು, ಬೇರೆ ಯಾವುದಕ್ಕೂ ಜಾಗವಿರಲಿಲ್ಲ.

ಹುಬ್ಬಳ್ಳಿಯಲ್ಲಿ ತಪಾಸಣೆಗೆಂದು ರಕ್ತ ತೆಗೆದ ಜಾಗವೇ ಬಹಳ ಹೊತ್ತು ಜಿನುಗಿತು. ಹತ್ತಿ ಒತ್ತಿ ಹಿಡಿದು ಕೂತವಳು ದೊಡ್ಡವ್ವ. "ನಿಂತಿತೇನ?" ಎಂದು ನರ್ಸನ್ನು ಕೇಳುತ್ತಿದ್ದಳು. ನಾವು ನಕ್ಕಿದ್ದ ಮಾತು ಅದು. ಈಗ ನಾನೂ ಅದನ್ನೇ ಕೇಳುತ್ತಿದ್ದೆ.

ಹಿಮೋಫಿಲಿಯಾ ಎಂದು ಹೆಸರು ಹೇಳಿದರು. ರಕ್ತವನ್ನು ಹೆಪ್ಪುಗಟ್ಟಿಸುವ ಒಂದು ಅಂಶ ಹುಟ್ಟಿನಿಂದಲೇ ಬಹಳ ಕಡಿಮೆ. ತಾಯಂದಿರ ಮೂಲಕ ಬರುತ್ತದೆ, ಹೆಚ್ಚಾಗಿ ಗಂಡುಮಕ್ಕಳನ್ನು ಕಾಡುತ್ತದೆ. ನಾಲಿಗೆ ಅಂಟುವುದಕ್ಕೂ ಇದಕ್ಕೂ ಸಂಬಂಧವಿಲ್ಲ, ನಮ್ಮ ಮನೆತನದಲ್ಲಿ ಎರಡೂ ಕೂಡಿ ಬಂದಿವೆ ಅಷ್ಟೇ. ಮೊದಲೇ ಗೊತ್ತಾಗಿದ್ದಕ್ಕೆ ದಾರಿ ಇದೆ ಎಂದರು. ನಾಲಿಗೆಯ ವಿಷಯದಲ್ಲಿ ಅವಸರ ಮಾಡಲಿಲ್ಲ. ಹಾಲು ಹಿಂಡಿ ಒಳಲೆಯಲ್ಲಿ ಕುಡಿಸಿ ಎಂದರು. ದೊಡ್ಡವ್ವ ವಾರ್ಡಿನ ಮಂಚದ ಮೇಲೆ ಮಗುವಿನ ತಲೆಯನ್ನು ಮೊಣಕೈ ಮೇಲೆ ಎತ್ತಿ ಹಿಡಿದು, ಪುಟ್ಟ ಒಳಲೆಯ ಮೂತಿಯನ್ನು ಕೆನ್ನೆಯೊಳಗೆ ಸರಿಸಿ ಹನಿ ಹನಿ ಇಳಿಸುತ್ತಿದ್ದಳು. ಮಗು ನುಂಗಿದೊಡನೆ ತಾನೂ ನುಂಗುತ್ತಿದ್ದಳು. ತೂಕ ಸ್ವಲ್ಪ ಏರಿತು. ಆಮೇಲೆ, ರಕ್ತದಲ್ಲಿ ಇಲ್ಲದ ಆ ಅಂಶವನ್ನು ನರದ ಮೂಲಕ ಕೊಟ್ಟು, ಪೊರೆ ಕತ್ತರಿಸುವುದೆಂದು ನಿರ್ಧಾರವಾಯಿತು.

ಒಳಗೆ ಬರಲು ದೊಡ್ಡವ್ವ ಒಪ್ಪಲಿಲ್ಲ. ಹೊರಗೆ ಗೋಡೆಗೆ ಮುಖ ಮಾಡಿ ನಿಂತಳು. ಕತ್ತರಿಯ ಸಪ್ಪಳ ನನಗೂ ಕೇಳಿಸಲಿಲ್ಲ, ಮಗು ಚೀರಿದ್ದು ಕೇಳಿಸಿತು. ಕೆಂಪಗೆ ಬಂತು. ಒಂದು ಹನಿಗಿಂತ ಹೆಚ್ಚೇ ಬಂತು. ಹತ್ತಿ ಕೆಂಪಾಯಿತು, ಇನ್ನೊಂದು ಹತ್ತಿಯೂ ಕೆಂಪಾಯಿತು. ನಾನು ದುಂಡಸಿಯ ಆ ಮಗುವನ್ನು ಕಣ್ಣಾರೆ ಕಂಡೆ, ಬೆಳ್ಳಗಿನ ಅದರ ಮುಖ ಕಂಡೆ. ಅದು ನನ್ನ ಮಗನನ್ನು ಕರೆಯುತ್ತಿದೆ ಎಂದು ಓದಿದವಳಾದ ನಾನೂ ನಂಬಿದೆ. ಆಮೇಲೆ ಹತ್ತಿ ಬೆಳ್ಳಗೇ ಉಳಿಯಿತು.

ಮಗುವನ್ನು ಎದೆಗೆ ಹಚ್ಚಿದೆ. ಚಟ್ ಎನ್ನಲಿಲ್ಲ. ಬಲವಾಗಿ ಜಗ್ಗಿತು, ಗುಟುಕು ಇಳಿಯುವುದು ಕೇಳಿಸಿತು. ದೊಡ್ಡವ್ವ ಬಂದು ಮಗುವಿನ ಗದ್ದದ ಕೆಳಗೆ ಬೆರಳಿಟ್ಟು ಆ ಗುಟುಕನ್ನು ಮುಟ್ಟಿ ನೋಡಿದಳು. ಅಲ್ಲೇ ನೆಲದ ಮೇಲೆ ಕುಸಿದು ಕುಳಿತು ಅತ್ತಳು. ಎಷ್ಟೋ ವರ್ಷಗಳಿಂದ ಬಾಕಿ ಇದ್ದ ಅಳು ಅದು. ನನ್ನ ಮಗನಿಗಾಗಿ ಮಾತ್ರ ಅತ್ತದ್ದಲ್ಲ ಎಂದು ನನಗೆ ಗೊತ್ತಿತ್ತು.

ನಾಲಿಗೆ ಸರಿಹೋಯಿತು, ಹೆದರಿಕೆ ಹೋಗಲಿಲ್ಲ. ಮಗ ಈಗ ಓಡುತ್ತಾನೆ, ಹತ್ತುತ್ತಾನೆ. 'ರೊಟ್ಟಿ' ಎಂದು ಕಡಕ್ಕಾಗಿ ಅನ್ನುತ್ತಾನೆ. ಸೂಜಿಗೆ ಹುಬ್ಬಳ್ಳಿಗೆ ಹೋಗಿ ಬರುತ್ತಿರುತ್ತೇವೆ. ಅವನು ಅಂಬೆಗಾಲಿಡುವಾಗ ದೊಡ್ಡವ್ವ ಹಳೆಯ ಕೌದಿಗಳನ್ನು ಕತ್ತರಿಸಿ ಮನೆಯ ಹೊಸ್ತಿಲುಗಳಿಗೆಲ್ಲ ಹೊಲಿದು ಹೊದಿಸಿದಳು. ಚಡ್ಡಿಯ ಮೊಣಕಾಲಿಗೂ ಕೌದಿಯ ತುಂಡು ಹೊಲಿದಳು. "ನವಾಬನ ಗಾದಿ ಹೊತ್ತ ತಿರಗ್ತಾನ ನೋಡು" ಎಂದು ಅವ್ವ ಚುಡಾಯಿಸುತ್ತಿದ್ದಳು. ನಾವು ಹಿರೇಕೆರೂರಿಗೆ ಹೋದ ಮೇಲೂ ಸವಣೂರಿನಿಂದ ಬರುವ ಗಂಟಿನಲ್ಲಿ ಖಾರದ ಜೊತೆಗೆ ಇನ್ನಷ್ಟು ಉದ್ದ ಮಾಡಿದ ಚಡ್ಡಿಗಳು ಇರುತ್ತಿದ್ದವು.

ಹೋದ ವರ್ಷ ಅವಳಿಗೆ ಲಕ್ವಾ ಹೊಡೆಯಿತು. ಇದ್ದ ಮಾತೂ ಹೋಯಿತು. ನಾನು ಹೋದಾಗ ಗುರುತು ಹಿಡಿದಳು. ಎಡಗೈಯಿಂದ ಮಗನ ಗದ್ದ ಹಿಡಿದೆತ್ತಿ ಬಾಯೊಳಗೆ ನೋಡಿದಳು. ಕೆಲವು ದಿನಗಳಲ್ಲೇ, ಮಧ್ಯಾಹ್ನದ ಹೊತ್ತು, ಅವ್ವ ಗಂಜಿ ಆರಿಸುತ್ತಿದ್ದಾಗ ತೀರಿಕೊಂಡಳು. ತೀರಿಹೋದ ಅವಳ ಮಗನ ಬಗ್ಗೆ ಅವಳನ್ನು ಕೇಳಬೇಕೆಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೆ. ಎದುರು ಕುಳಿತಾಗ ಬಾಯಿ ಬರುತ್ತಿರಲಿಲ್ಲ.

ಇತ್ತೀಚೆಗೆ ತಂಗಿಯ ಸೀಮಂತ, ನಮ್ಮ ಕಡೆಯ ಮಾತಿನಲ್ಲಿ ಕುಬಸ, ಆಯಿತು. ಅವಳನ್ನು ಹಾನಗಲ್ಲಿಗೆ ಕೊಟ್ಟಿದೆ. ನನ್ನ ಮಗನ ಕಾಯಿಲೆ ಅವಳಿಗೆ ಗೊತ್ತು, ನೀನೂ ರಕ್ತ ತೋರಿಸಿಕೋ ಎಂದು ಬಸುರಾಗುವ ಮೊದಲಿನಿಂದ ಹೇಳುತ್ತಲೇ ಇದ್ದೆ. ಅತ್ತೆಯ ಮನೆಯಲ್ಲಿ ಹೇಗೆ ಹೇಳಲಿ ಎಂದು ಅವಳು ಮುಂದೂಡುತ್ತಿದ್ದಳು. ಬೀಗರ ಮುಂದೆ ಈ ಮಾತು ತೆಗೆಯಬೇಡ ಎಂದು ಅವ್ವ ನನ್ನ ಕೈ ಹಿಡಿದು ಬೇಡಿಕೊಂಡಿದ್ದಳು. ಹಸಿರು ಸೀರೆ, ಹಸಿರು ಬಳೆಯಲ್ಲಿ ತಂಗಿಯನ್ನು ಕೂರಿಸಿದ್ದೆವು. ಮನೆ ತುಂಬ ಹೆಂಗಸರು. ನಡುವೆ ಓಡಾಡುತ್ತಿದ್ದ ನನ್ನ ಮಗನನ್ನು ನೋಡಿ ತಂಗಿಯ ಅತ್ತೆ, "ಇದ್ಯಾಕ್ರಿ ಈ ಹುಡುಗನ ಮೊಣಕಾಲಿಗೆ ಕೌದಿ ಹೊಲದೀರಿ?" ಎಂದು ನಕ್ಕು ಕೇಳಿದರು.

ಅವ್ವ ನನ್ನತ್ತ ನೋಡಿದಳು. ಆದರೆ ತಂಗಿಯ ಹೊಟ್ಟೆ ಕಣ್ಣ ಮುಂದೆಯೇ ಇತ್ತು. ಹೇಳಿದೆ. ಮಗನ ಕಾಯಿಲೆ ಹೇಳಿದೆ. ದುಂಡಸಿಯ ಕೂಸಿನದು ಹೇಳಿದೆ. ದೊಡ್ಡವ್ವನ ಮಗ ಹೊಸ್ತಿಲಿಗೆ ಬಿದ್ದದ್ದೂ ಹೇಳಿದೆ. ಈಕೆಯ ಹೆರಿಗೆ ಎಲ್ಲ ಗೊತ್ತಿರುವ ಡಾಕ್ಟರ ಕೈಯಲ್ಲೇ ಆಗಬೇಕು, ಹುಟ್ಟಿದ ಕೂಸಿನ ರಕ್ತ ನೋಡದೆ ಸೂಜಿ, ಕತ್ತರಿ ಏನೂ ತಾಗಬಾರದು ಎಂದೆ. "ಶಿವಾ ಶಿವಾ, ಬಸುರಿ ಮುಂದ ಎಂಥಾ ಮಾತು" ಎಂದು ಯಾರೋ ಎದ್ದರು. ತಂಗಿಯ ಅತ್ತೆ ಆರತಿ ತಟ್ಟೆ ಹಿಡಿದವರು ಹಿಡಿದಂತೆಯೇ ಕುಳಿತಿದ್ದರು. ನಾನು ಎಂಥ ಅನಾಹುತ ಮಾಡಿದೆನೋ ಅನ್ನಿಸಿತು.

ತಂಗಿ ಅಳಲಿಲ್ಲ. ದೊಡ್ಡವ್ವನಿಗೆ ಮಗನಿದ್ದ ಸಂಗತಿ ಅವಳು ಅಂದೇ ಕೇಳಿದ್ದು. ಬಳೆ ತುಂಬಿದ ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡು, "ಅಕ್ಕಾ, ಅವನ ಹೆಸರೇನಿತ್ತು?" ಎಂದು ಕೇಳಿದಳು.

ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವಳು ಆ ಮನೆಯಲ್ಲಿ ಒಬ್ಬಳೇ. ಎಲ್ಲರೂ ಅವಳತ್ತ ತಿರುಗಿದೆವು. ಅವ್ವ ಬೆರಳಿಗೆ ಸುತ್ತಿಕೊಂಡಿದ್ದ ಸೆರಗಿನ ತುದಿಯನ್ನು ಬಿಚ್ಚಿದಳು. ಆಮೇಲೆ ತಲೆಯೆತ್ತಿ, ಅಷ್ಟು ಹೆಂಗಸರ ನಡುವೆ, ತುಂಬು ಬಸುರಿಯ ಎದುರಿಗೆ, ಆ ಹುಡುಗನ ಹೆಸರು ಹೇಳಿದಳು.